ಮೂವತ್ತೊಂದು ಮನೆಯ ಕಾರ್ಡು

ಹಳದಿ ಕಾರ್ಡು, ಮೂವತ್ತೊಂದು ಮನೆ.
ದಿನಕ್ಕೊಂದು ಮನೆಗೆ ನನ್ನ ಪೆನ್ನಿನ ಗೀಟು.
ಮೊದಲ ಮನೆಯ ಹಣ ನನ್ನದು, ಮಿಕ್ಕ ಮೂವತ್ತರದು ನಿಮ್ಮದು.
ಜೇನು ಕಿತ್ತವನು ಕೈ ನೆಕ್ಕದೆ ಬಿಟ್ಟಾನೆಯೇ?
ನೆಕ್ಕುತ್ತೇನೆ. ಒಂದೇ ಬೆರಳು, ಎಲ್ಲರ ಎದುರಿಗೇ.

ಮನೆಯಲ್ಲಿಟ್ಟ ಹೆಸರು ಸುಗ್ಲೊ,
ತಮಾಲೆಯ ಪೇಟೆಗೆಲ್ಲ ನಾನು ಬರೀ ‘ಸುಸು’.
ಏಳು ಹೊಡೆಯುವ ಮೊದಲೇ ಸೈಕಲ್ಲು, ಹೆಗಲಿಗೆ ಚೀಲ.
ಮರುಭೂಮಿಯಿಂದೆದ್ದ ಹರ್ಮತಾನ್ ಗಾಳಿ
ಹುಬ್ಬಿಗೆ ಹಿಟ್ಟು ಮೆತ್ತುತ್ತದೆ:
ಇಪ್ಪತ್ತನಾಲ್ಕಕ್ಕೇ ಅಜ್ಜ.

ಫೋನು ರಿಪೇರಿಯ ನಪಾರಿ ಬೆಳಗ್ಗೆ ಐದು ಸೆಡಿ ಕೊಟ್ಟು
ಸಂಜೆ ಓಡಿ ಬರುತ್ತಾನೆ: ‘ಮೂರು ವಾಪಸು ಕೊಡೋ,
ಅವಳು ಬರ್ತಾಳೆ, ತಣ್ಣಗೆ ಏನಾದರೂ ಕುಡಿಸಬೇಕು.’
ಹಳದಿ ಆಟೋದ ಹುಡುಗ ಫೋನು ತಟ್ಟಿ ತೋರಿಸುತ್ತಾನೆ,
‘ಬ್ಯಾಂಕು ಇಲ್ಲೇ ಇದೆ, ನೀನ್ಯಾಕೆ?’
ಶನಿವಾರ ಆ ಬ್ಯಾಂಕು
ಯಾವುದೋ ದೇಶದ ಗೋಲುಪೆಟ್ಟಿಗೆಯೊಳಗೆ ಉರುಳಿಹೋಗುತ್ತದೆ.
ಉಳಿದವರದು ಒಂದೇ ಪಲ್ಲವಿ: ನಾಳೆ ಬಾ.
ನಾಳೆ ಬಾ, ಸುಸು. ನಾಳೆ ಬಾ.

ವುಂಪಿನಿ ಹಾಗಲ್ಲ.
ಬಾಡಿಗೆಯ ಮಿಷನ್ನಿನ ಮುಂದೆ ಕೂತು ಫುಗು ಹೊಲಿಯುತ್ತಾಳೆ,
ಮೂರು ಬೆರಳಗಲದ ನೇಯ್ದ ಪಟ್ಟಿಗಳನ್ನು
ಒಂದಕ್ಕೊಂದು ಕೂಡಿಸಿ, ಕೂಡಿಸಿ,
ಸಂಜೆಗೊಬ್ಬ ಗಂಡಸನ್ನು ಮುಚ್ಚುವಷ್ಟು ಅಂಗಿ.
ಉಳಿದ ದರ್ಜಿಗಳು ಬಟ್ಟೆ ಮಿಕ್ಕರೆ ಜೇಬು ಇಡುತ್ತಾರೆ.
ಇವಳು ಮೊದಲು ಜೇಬು ಕತ್ತರಿಸಿ ಎತ್ತಿಡುತ್ತಾಳೆ,
ಆಮೇಲೆ ಅಂಗಿ.
ಗಿರಾಕಿ ಬಾರದ ದಿನವೂ
ಹತ್ತು ಸೆಡಿ, ನಾಣ್ಯ ನಾಣ್ಯ ಎಣಿಸಿ,
ಒಂದೊಂದೂ ಅಂಗೈಯ ಬಿಸಿ ಹಿಡಿದದ್ದು.

‘ನಿನ್ನ ಕಾರ್ಡು ಎಲ್ಲಿ?’ ಎಂದಳು ಒಂದು ದಿನ.
ನಕ್ಕೆ.
ಊರಿನ ದುಡ್ಡೆಲ್ಲ ನನ್ನ ಹೆಗಲೇರಿ ಹೋಗುತ್ತದೆ,
ನನ್ನದೊಂದೇ ದಾರಿಯಲ್ಲಿ ಇಳಿದುಬಿಡುತ್ತದೆ:
ತಿರುವಿನ ಹೊಗೆಯಲ್ಲಿ ಸುಡುವ ಮಾಂಸದ ಕಡ್ಡಿಗೆ,
ತಮ್ಮನ ಬೂಟಿಗೆ, ಮಾತು ಮುಗಿಯದ ಫೋನಿಗೆ,
ಇನ್ನು ಕೆಲವಕ್ಕೆ, ಯಾವುದಕ್ಕೆಂದು ಕೇಳಿದರೆ
ನನಗೂ ಗೊತ್ತಿಲ್ಲ.

ಆ ವಾರವೇ ಟೈರು ಒಡೆಯಿತು. ಜೇಬಲ್ಲಿ ಬರೀ ಗಾಳಿ.
ಹೆಗಲಲ್ಲಿ ನಲವತ್ತು ಜನರ ನಂಬಿಕೆ, ರಬ್ಬರ್ ಬ್ಯಾಂಡು ಹಾಕಿದ್ದು.
ಚೀಲ ತೆರೆದೆ.
ಹತ್ತರ ನೋಟೊಂದನ್ನು ಎಳೆದೆ, ಮಡಿಸಿದೆ, ಬಿಚ್ಚಿದೆ.
ಯಾರೂ ನೋಡುತ್ತಿರಲಿಲ್ಲ;
ಒಂದು ಆಡು ನೋಡುತ್ತಿತ್ತು.
ನೋಟು ಒಳಗಿಟ್ಟು ಸೈಕಲ್ಲು ತಳ್ಳಿಕೊಂಡು ನಡೆದೆ,
ಅಂಗಡಿಯಿಂದ ಅಂಗಡಿಗೆ, ಕತ್ತಲಾಗುವ ತನಕ.

ವುಂಪಿನಿ ಕಾಲಿನ ಧೂಳು ನೋಡಿದಳು, ಏನೂ ಕೇಳಲಿಲ್ಲ.
ಮಾರನೆಯ ದಿನ ಅಂಗಿಯಿಂದ ಮಿಕ್ಕ ಪಟ್ಟಿಯೊಂದನ್ನು
ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಳು.
ಸೀಮೆಸುಣ್ಣದಲ್ಲಿ ಮೂವತ್ತೊಂದು ಮನೆ,
ಮೇಲೆ ಸೊಟ್ಟ ಅಕ್ಷರದಲ್ಲಿ: ಸುಗ್ಲೊ.
‘ದಿನಕ್ಕೆ ಎರಡು ಸೆಡಿ. ನಿನ್ನ ಟೈರಿಗೆ.
ಮೊದಲ ಮನೆಯ ಹಣ ನನ್ನದು, ಗೊತ್ತಲ್ಲ?’

ಗೀಟಿಲ್ಲ ಅವಳ ಲೆಕ್ಕದಲ್ಲಿ. ಒಂದೊಂದು ಮನೆಗೆ
ಒಂದೊಂದು ಕೆಂಪು ಹೊಲಿಗೆ.
ನಾಲ್ಕನೆಯದೂ ಒಂಬತ್ತನೆಯದೂ ಖಾಲಿ. ನಾನು ತಪ್ಪಿಸಿದ ದಿನ.
ಬೈಯಲಿಲ್ಲ ಅವಳು, ಅಳಿಸಲೂ ಇಲ್ಲ.
ಹೋಗುವಾಗ ಬರುವಾಗ ಅವು ನನ್ನನ್ನೇ ನೋಡುತ್ತವೆ,
ಬಿದ್ದ ಹಲ್ಲಿನ ಸಂದಿಯಂತೆ.

ಇವತ್ತು ಹದಿನಾಲ್ಕನೆಯ ದಿನ. ಎರಡು ಸೆಡಿ ಕೊಟ್ಟೆ.
ಸೂಜಿ ಒಳಗೆ ಹೋಯಿತು, ಹೊರಗೆ ಬಂತು.
ನೂಲನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿ,
ತಲೆಯೆತ್ತದೆ ಎಂದಳು:
‘ನಾಳೆಯೂ ಬಾ.’

ಎಷ್ಟು ಬಾಗಿಲಲ್ಲಿ ‘ನಾಳೆ ಬಾ’ ಕೇಳಿ ಹಿಂದಿರುಗಿದವನು ನಾನು.
ಆ ಒಂದು ‘ಊ’ ಕೇಳಿದ್ದು
ಇದೇ ಮೊದಲು.